ಹಬ್ಬು, ಫ್ರೀವೀಲು, ಗೇರು: ಸೈಕಲ್ ಸವಾರರು ಪದೇ ಪದೇ ಕೇಳುವ ಪ್ರಶ್ನೆಗಳು

ಭಾನುವಾರ ಬೆಳಗ್ಗೆ ನಂದಿ ಬೆಟ್ಟದ ಬುಡದಲ್ಲಿ ಟೀ ಕುಡಿಯುತ್ತಾ ಕೇಳಿದ್ದು, ಫೋನಿನಲ್ಲಿ ಕೇಳಿದ್ದು, ಪತ್ರ ಬರೆದು ಕೇಳಿದ್ದು, ಚಕ್ರವನ್ನೇ ಎತ್ತಿಕೊಂಡು ನಮ್ಮ ಮನೆ ವರಾಂಡಾಕ್ಕೆ ಬಂದು ಕೇಳಿದ್ದು, ಎಲ್ಲವೂ ಇಲ್ಲಿದೆ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ನಾನು ಅಂಗಡಿ ಇಟ್ಟ ಮೆಕ್ಯಾನಿಕ್ ಅಲ್ಲ. ಮನೆಯಲ್ಲಿ ಸೈಕಲ್ ಬಿಚ್ಚಿ, ಸಾಕಷ್ಟು ಹಾಳು ಮಾಡಿ, ಕಲಿತವನು. ಕೆಳಗಿನ ಅರ್ಧಕ್ಕರ್ಧ ಉತ್ತರಗಳು "ಮೊದಲು ಎಣಿಸಿ, ಅಳೆಯಿರಿ, ಆಮೇಲೆ ಅಂಗಡಿಗೆ ಹೋಗಿ" ಅನ್ನುವಲ್ಲಿಗೇ ಬಂದು ನಿಲ್ಲುತ್ತವೆ. ಬೇಜಾರು ಮಾಡಿಕೊಳ್ಳಬೇಡಿ.

## ಶುರುವಿನ ಪ್ರಶ್ನೆಗಳು

ಹಬ್ ಅಂದ್ರೆ ಚಕ್ರದ ನಡುವೆ ಇರೋ ಆ ಡಬ್ಬಿ ತಾನೇ? ಅದರೊಳಗೆ ಏನಿರುತ್ತೆ?

ಅದೇ. ಕಡ್ಡಿಗಳೆಲ್ಲ ಬಂದು ಸೇರುವ ಜಾಗ. ನಡುವೆ ಹಾದು ಹೋಗುವ ಆಕ್ಸಲ್ ತಿರುಗುವುದಿಲ್ಲ, ಫ್ರೇಮಿಗೆ ಬಿಗಿದುಕೊಂಡು ಸುಮ್ಮನೆ ನಿಂತಿರುತ್ತದೆ. ಅದರ ಸುತ್ತ ಹಬ್ ತಿರುಗುತ್ತದೆ.

ಹಬ್ಬಿನ ಎರಡೂ ತುದಿಯಲ್ಲಿ ಬಟ್ಟಲಿನಂಥ ಒಂದೊಂದು ಕಪ್ ಇದೆ. ಆಕ್ಸಲ್ ಮೇಲೆ ಮರೆ (ತಿರುಗಿಸಿ ಬಿಗಿಯುವ ಥ್ರೆಡ್) ಇರುವ ಒಂದೊಂದು ಕೋನ್ ಇದೆ. ಕಪ್ಪಿಗೂ ಕೋನಿಗೂ ನಡುವೆ ಗ್ರೀಸಿನಲ್ಲಿ ಮುಳುಗಿದ ಉಕ್ಕಿನ ಗುಂಡುಗಳು. ಕೋನನ್ನು ಒಳಕ್ಕೆ ತಿರುಗಿಸಿದರೆ ಬಿಗಿ, ಹೊರಕ್ಕೆ ತಿರುಗಿಸಿದರೆ ಸಡಿಲ. ಕೋನ್ ತಾನಾಗಿ ತಿರುಗದಂತೆ ಹೊರಗಿನಿಂದ ಒಂದು ಲಾಕ್ ನಟ್. ಹಾಲಿನವರ ಸೈಕಲ್ಲಿನಿಂದ ಹಿಡಿದು ಶಿಮಾನೊ ಕಂಪನಿಯ ದುಬಾರಿ ಹಬ್‌ವರೆಗೆ ಇದೇ ಲೆಕ್ಕ. ಕೆಲವು ಹಬ್ಬುಗಳಲ್ಲಿ ಇದರ ಬದಲು ಫ್ಯಾನ್, ಮೋಟರಿನಲ್ಲಿ ಇರುವಂಥ ಸೀಲ್ಡ್ ಬೇರಿಂಗ್ ಕೂರಿಸಿರುತ್ತಾರೆ. ಅದರ ಮಾತು ಮುಂದೆ ಬರುತ್ತದೆ.

ಫ್ರೀವೀಲ್ ಬೇರೆ, ಕ್ಯಾಸೆಟ್ ಬೇರೆ ಅಂತಾರೆ. ನೋಡೋಕೆ ಎರಡೂ ಒಂದೇ ಥರ ಇದೆಯಲ್ಲಾ?

ಹೊರಗಿನಿಂದ ಒಂದೇ ಥರ. ವ್ಯತ್ಯಾಸ ಇರುವುದು ಪೆಡಲ್ ತುಳಿಯದಿದ್ದಾಗ ಟಿಕ್ ಟಿಕ್ ಅನ್ನುವ ಭಾಗ ಎಲ್ಲಿದೆ ಅನ್ನುವುದರಲ್ಲಿ.

ಫ್ರೀವೀಲಿನಲ್ಲಿ ಹಲ್ಲುಗಳೂ ಟಿಕ್ ಟಿಕ್ ಭಾಗವೂ ಒಂದೇ ಗಟ್ಟಿ. ಅದು ಹಬ್ಬಿನ ಮರೆಗೆ ತಿರುಗಿಸಿ ಕೂರಿಸುವಂಥದ್ದು. ಮರೆಯ ಅಳತೆ 1.37 ಇಂಚು, ಇಂಚಿಗೆ 24 ಸುತ್ತು. ಕ್ಯಾಸೆಟ್ ಅಂದರೆ ಬರೀ ಹಲ್ಲುಚಕ್ರಗಳ ಕಟ್ಟು. ಟಿಕ್ ಟಿಕ್ ಭಾಗ ಹಬ್ಬಿನ ಜೊತೆಗೇ ಇರುತ್ತದೆ, ಅದಕ್ಕೆ ಫ್ರೀಹಬ್ ಅನ್ನುತ್ತಾರೆ. ಕ್ಯಾಸೆಟ್ ಅದರ ಗೀರುಗಳ ಮೇಲೆ ಜಾರಿ ಕೂತು, ತುದಿಯಲ್ಲಿ ಒಂದು ಲಾಕ್ ರಿಂಗಿನಿಂದ ಬಿಗಿಯಾಗುತ್ತದೆ.

ಯಾವುದು ನಿಮ್ಮದು ಅಂತ ತಿಳಿಯಲು ಚಕ್ರ ಕಳಚಿ ಹಲ್ಲುಗಳನ್ನು ಹಿಂದಕ್ಕೆ ತಿರುಗಿಸಿ. ಟೂಲ್ ಕೂರುವ ಗೀರುಗಳು ಆಕ್ಸಲ್ ಪಕ್ಕದಲ್ಲೇ ಕಾಣುತ್ತವೆ. ಹಲ್ಲಿನ ಜೊತೆ ಅವೂ ತಿರುಗಿದರೆ ಕ್ಯಾಸೆಟ್. ಹಲ್ಲು ಮಾತ್ರ ತಿರುಗಿ ಅವು ನಿಂತಿದ್ದರೆ ಫ್ರೀವೀಲ್. ಟೂಲ್ ಕೊಳ್ಳುವ ಮೊದಲು ಇದನ್ನು ನೋಡಿಕೊಳ್ಳಿ. ಎರಡಕ್ಕೂ ಬೇರೆ ಬೇರೆ ಟೂಲು.

21 ಗೇರಿನ ಸೈಕಲ್ಲಲ್ಲಿ ನಿಜವಾಗ್ಲೂ 21 ಗೇರ್ ಇರುತ್ತಾ?

ಬೋರ್ಡಿನಲ್ಲಿ ಬರೆಯೋಕೆ ಇರುತ್ತದೆ. ಮುಂದೆ 3, ಹಿಂದೆ 7, ಗುಣಿಸಿದರೆ 21. ತುಳಿಯುವಾಗ ಲೆಕ್ಕ ಬೇರೆ.

ತುಂಬ ಸೈಕಲ್ಲುಗಳಲ್ಲಿ ಇರುವ ಜೋಡಿಯನ್ನೇ ತೆಗೆದುಕೊಳ್ಳಿ. ಮುಂದೆ 28, 38, 48 ಹಲ್ಲು. ಹಿಂದೆ 14, 16, 18, 20, 22, 24, 28. ಮುಂದಿನದನ್ನು ಹಿಂದಿನದರಿಂದ ಭಾಗಿಸಿ. 48ಕ್ಕೆ 24 ಹಾಕಿದರೆ 2. 28ಕ್ಕೆ 14 ಹಾಕಿದರೂ 2. ಅದೇ ಗೇರು, ಎರಡು ವೇಷ. 28/16, 38/22, 48/28 ಈ ಮೂರೂ 1.7ರ ಆಸುಪಾಸಿನಲ್ಲೇ ಬೀಳುತ್ತವೆ. ಕಾಲಿಗೆ ಗೊತ್ತೇ ಆಗದಷ್ಟು ಹತ್ತಿರ ಇರುವುದನ್ನೆಲ್ಲ ಒಂದು ಅಂತ ಹಿಡಿದು ನಾನು ಎಣಿಸಿದಾಗ 13 ಸಿಕ್ಕಿತು. ಅಷ್ಟು ಸಾಕು ಬಿಡಿ, ಜಾಸ್ತಿಯೇ ಆಯಿತು.

ಮುಂದೆ ದೊಡ್ಡದು ಹಿಂದೆಯೂ ದೊಡ್ಡದು, ಅಥವಾ ಎರಡೂ ಕಡೆ ಚಿಕ್ಕದು, ಹೀಗೆ ಹಾಕಬೇಡಿ. ಚೈನ್ ಓರೆಯಾಗಿ ಎಳೆಯುತ್ತದೆ, ಬೇಗ ಸವೆಯುತ್ತದೆ. ಆ ಗೇರು ಇನ್ನೊಂದು ಕಡೆ ಹೇಗೂ ಸಿಗುತ್ತದೆ.

ನಮ್ಮಪ್ಪನ ಹಳೇ ಸೈಕಲ್ ಏರಿನಲ್ಲಿ ಯಾಕೆ ಅಷ್ಟು ಭಾರ? ಗೇರ್ ಸೈಕಲ್ ಯಾಕೆ ಹಗುರ?

ತೂಕ ಒಂದು ಕಾರಣ, ಮುಖ್ಯ ಕಾರಣ ಅಲ್ಲ. ಅಂಥ ಒಂದು ಸೈಕಲ್ಲಿನಲ್ಲಿ ನಾನು ಎಣಿಸಿದಾಗ ಮುಂದೆ 44, ಹಿಂದೆ 18 ಹಲ್ಲು ಇತ್ತು. ಅಂದರೆ 2.44. ಆ 28 ಇಂಚಿನ ಚಕ್ರ ಒಂದು ಸುತ್ತಿಗೆ ಸುಮಾರು 2.2 ಮೀಟರ್ ಉರುಳುತ್ತದೆ. ಪೆಡಲ್ ಒಂದು ಸುತ್ತು ಹಾಕಿದರೆ ಸೈಕಲ್ 5.4 ಮೀಟರ್ ಮುಂದೆ. ಸಮತಟ್ಟು ರಸ್ತೆಗೆ ಸರಿ. ಏರಿನಲ್ಲಿ ಒಂದೇ ತುಳಿತಕ್ಕೆ ಅಷ್ಟು ದೂರ ಎತ್ತಬೇಕಲ್ಲ, ಅದೇ ಭಾರ.

26 ಇಂಚಿನ ಚಕ್ರದ ಗೇರ್ ಸೈಕಲ್ಲಿನಲ್ಲಿ 28/28 ಹಾಕಿದರೆ ಒಂದು ಸುತ್ತಿಗೆ ಸುಮಾರು 2 ಮೀಟರ್. ನಿಧಾನ, ಆದರೆ ಉಸಿರು ಉಳಿಯುತ್ತದೆ. ನಿಮ್ಮ ಸೈಕಲ್ಲಿನ ಹಲ್ಲು ನೀವೇ ಎಣಿಸಿ ಲೆಕ್ಕ ಹಾಕಿ. ಒಂದು ಹಲ್ಲಿಗೆ ಸೀಮೆಸುಣ್ಣ ಹಚ್ಚಿ ಶುರು ಮಾಡಿದರೆ ಎಣಿಕೆ ತಪ್ಪುವುದಿಲ್ಲ.

## ಮನೆಯಲ್ಲೇ ಮಾಡೋ ರಿಪೇರಿ

ಚಕ್ರ ಹಿಡಿದು ಅಲ್ಲಾಡಿಸಿದ್ರೆ ಕಟಕಟ ಅನ್ನುತ್ತೆ. ನಾನೇ ಸರಿ ಮಾಡ್ಕೋಬಹುದಾ?

ಖಂಡಿತ. ಕೋನ್ ಸಡಿಲ ಆಗಿದೆ. ಹಾಗೇ ಓಡಿಸಿದರೆ ಗುಂಡುಗಳು ಕಪ್ಪಿನಲ್ಲಿ ಗುಂಡಿ ತೋಡುತ್ತವೆ. ಕೋನ್ ಬದಲಾಯಿಸಬಹುದು, ಕಪ್ ಹಾಳಾದರೆ ಹಬ್ಬನ್ನೇ ಬದಲಾಯಿಸಬೇಕು.

ಬೇಕಾಗುವುದು ತೆಳ್ಳಗಿನ ಕೋನ್ ಸ್ಪ್ಯಾನರ್. ಗೇರ್ ಸೈಕಲ್ಲಿನ ಮುಂದಿನ ಕೋನಿಗೆ ಸಾಮಾನ್ಯವಾಗಿ 13, ಹಿಂದಿನದಕ್ಕೆ 15 ಮಿ.ಮೀ. ಹಿಂದಿನ ಲಾಕ್ ನಟ್ಟಿಗೆ 17 ಮಿ.ಮೀ.ನ ಸಾದಾ ಸ್ಪ್ಯಾನರ್ ಸಾಕು. ಸಾದಾ ಸ್ಪ್ಯಾನರ್ ದಪ್ಪ ಇರುವುದರಿಂದ ಕೋನಿನ ಸಂದಿಗೆ ಹೋಗುವುದಿಲ್ಲ. ಒತ್ತಾಯ ಮಾಡಿದರೆ ಕೋನಿನ ಮೂಲೆ ಉಜ್ಜಿಹೋಗುತ್ತದೆ.

ಚಕ್ರ ಕಳಚಿ. ಹಿಂದಿನ ಚಕ್ರ ಆದರೆ ಎಡಗಡೆಯಲ್ಲೇ ಕೆಲಸ ಮಾಡಿ, ಗೇರ್ ಇರುವ ಬಲಗಡೆ ಮುಟ್ಟಬೇಡಿ. ಕೋನನ್ನು ಒಂದು ಸ್ಪ್ಯಾನರಿನಲ್ಲಿ ಹಿಡಿದು ಲಾಕ್ ನಟ್ ಸಡಿಲಿಸಿ. ಈಗ ಕೋನನ್ನು ಬೆರಳಿನಲ್ಲೇ ತಿರುಗಿಸಿ, ಗುಂಡುಗಳಿಗೆ ತಾಗುವವರೆಗೆ. ಆಕ್ಸಲ್ ತುದಿಯನ್ನು ಹೆಬ್ಬೆರಳು, ತೋರುಬೆರಳ ನಡುವೆ ಹಿಡಿದು ನಿಧಾನವಾಗಿ ತಿರುಗಿಸಿ. ರಾಗಿ ಕಾಳಿನ ಮೇಲೆ ಉಜ್ಜಿದ ಹಾಗೆ ಗರಗರ ಅಂದರೆ ಜಾಸ್ತಿ ಬಿಗಿ. ತುದಿ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿದಾಗ ಟಕ್ ಅಂದರೆ ಸಡಿಲ. ಇವೆರಡರ ನಡುವೆ ಒಂದು ಜಾಗ ಇದೆ. ಅಲ್ಲಿ ಬೆಣ್ಣೆಯಲ್ಲಿ ತಿರುಗಿದ ಹಾಗೆ ತಿರುಗುತ್ತದೆ.

ಆ ಜಾಗ ಸಿಕ್ಕಿತು ಅಂತ ಲಾಕ್ ನಟ್ ಬಿಗಿದರೆ ಕೋನ್ ಸ್ವಲ್ಪ ಒಳಕ್ಕೆ ಸರಿದು ಮತ್ತೆ ಬಿಗಿಯಾಗುತ್ತದೆ. ಎಲ್ಲರಿಗೂ ಹೀಗೇ ಆಗುತ್ತದೆ. ಮೂರು ನಾಲ್ಕು ಸಲ ಬಿಚ್ಚಿ ಬಿಗಿಯಬೇಕು, ಅದೇ ಕೆಲಸ. ಇನ್ನೊಂದು ಮಾತು: ಕ್ವಿಕ್ ರಿಲೀಸ್ (ನಟ್ಟಿನ ಬದಲು ಲಿವರ್ ಮಡಚಿ ಬಿಗಿಯುವಂಥದ್ದು) ಇರುವ ಚಕ್ರಕ್ಕೆ ಕೂದಲೆಳೆಯಷ್ಟು ಆಟ ಉಳಿಸಿ. ಲಿವರ್ ಬಿಗಿದಾಗ ಟೊಳ್ಳು ಆಕ್ಸಲ್ ಸ್ವಲ್ಪ ಒತ್ತಿಕೊಂಡು ಆ ಆಟ ತಾನೇ ಹೋಗುತ್ತದೆ. ಕೊನೆಗೆ ಚಕ್ರ ಸೈಕಲ್ಲಿಗೆ ಹಾಕಿ ಎತ್ತಿ ಹಿಡಿದು ಬಿಡಿ. ಮುಂದಿನ ಚಕ್ರ ತನ್ನ ಭಾರದ ಕಡೆಗೆ ಮೆಲ್ಲಗೆ ಇಳಿದು, ತೊಟ್ಟಿಲಿನ ಹಾಗೆ ನಾಲ್ಕಾರು ಸಲ ತೂಗಿ ನಿಂತರೆ ಕೆಲಸ ಸರಿಯಾಗಿದೆ.

ಅಂಗಡಿಯಲ್ಲಿ ಓವರಾಯಿಲಿಂಗ್ ಅಂತಾರಲ್ಲ, ಅದನ್ನ ಮನೇಲಿ ಮಾಡೋದು ಹೇಗೆ? ಎಷ್ಟು ಗುಂಡು ಹಾಕ್ಬೇಕು?

ಓವರಾಯಿಲಿಂಗ್ ಅನ್ನುವ ಪದ ನನಗೆ ತುಂಬ ಇಷ್ಟ. ಓವರ್‌ಹಾಲಿಂಗ್ ಅನ್ನುವುದು ನಮ್ಮ ಬಾಯಲ್ಲಿ ಎಣ್ಣೆ ಹಚ್ಚಿಕೊಂಡು ಹೀಗಾಯಿತು. ಎಣ್ಣೆ ಮಾತ್ರ ಅದರಲ್ಲಿ ಕಡಿಮೆ, ಬೇಕಾಗಿರುವುದು ಗ್ರೀಸು.

ಕೆಳಗೆ ಒಂದು ಹಳೇ ತಟ್ಟೆ ಇಟ್ಟುಕೊಂಡು ಬಿಚ್ಚಿ. ಗುಂಡು ಉದುರಿ ಸೋಫಾ ಕೆಳಗೆ ಹೋದರೆ ಹುಡುಕುವವರು ನೀವೇ. ಗೇರ್ ಸೈಕಲ್ಲಿನ ಹಿಂದಿನ ಹಬ್ಬಿನಲ್ಲಿ ಸಾಮಾನ್ಯವಾಗಿ ಕಾಲು ಇಂಚಿನ 9 ಗುಂಡು ಒಂದೊಂದು ಕಡೆಗೆ. ಮುಂದಿನದರಲ್ಲಿ 3/16 ಇಂಚಿನ 10. ಆದರೂ ನಿಮ್ಮ ಹಬ್ಬಿನಿಂದ ಎಷ್ಟು ಬಂತು ಅಂತ ಎಣಿಸಿ ಬರೆದಿಡಿ. ಕಳೆದುಹೋಗಿದ್ದರೆ ಕಪ್ ತುಂಬ ಗುಂಡು ಜೋಡಿಸಿ, ಒಂದು ಗುಂಡು ತೆಗೆಯಿರಿ. ಅಷ್ಟು ಸಂದಿ ಇದ್ದರೆ ಅವು ಒಂದಕ್ಕೊಂದು ಒತ್ತದೆ ಉರುಳುತ್ತವೆ.

ಕಪ್, ಕೋನ್ ಎರಡನ್ನೂ ಡೀಸೆಲ್‌ನಲ್ಲಿ ತೊಳೆದು ಬಟ್ಟೆಯಲ್ಲಿ ಒರೆಸಿ. ಬಾಲ್‌ಪೆನ್ನಿನ ತುದಿಯನ್ನು ಕೋನ್ ಮೇಲೆ ಓಡಿಸಿ ನೋಡಿ. ಎಲ್ಲಾದರೂ ಪೆನ್ನು ತಡವರಿಸಿದರೆ ಅಲ್ಲಿ ಕುಳಿ ಬಿದ್ದಿದೆ, ಕೋನ್ ಬದಲಾಯಿಸಿ. ಗುಂಡು ಮಾತ್ರ ಪ್ರತಿ ಸಲ ಹೊಸದೇ ಹಾಕಿ, ಎಲ್ಲವನ್ನೂ ಒಟ್ಟಿಗೆ. ಹಳೆಯದರ ಜೊತೆ ಎರಡು ಹೊಸದು ಸೇರಿಸಿದರೆ ಸವೆಯದ ಆ ಎರಡೇ ಗುಂಡಿನ ಮೇಲೆ ಭಾರವೆಲ್ಲ ಬೀಳುತ್ತದೆ. ಒಮ್ಮೆ ನಾನು ಅಂಗಡಿಯಲ್ಲಿ ಸರ್ವಿಸ್ ಮಾಡಿಸಿ ತಂದ ಹಬ್ಬು ತಿಂಗಳಿಗೇ ಗರಗರ ಶುರು ಮಾಡಿತು. ಬಿಚ್ಚಿ ನೋಡಿದರೆ ಒಂದು ಕಡೆ 9 ಗುಂಡು, ಇನ್ನೊಂದು ಕಡೆ 7.

ಗ್ರೀಸು ಆಟೋಮೊಬೈಲ್ ಅಂಗಡಿಯ ಸಾದಾ ಲಿಥಿಯಂ ಗ್ರೀಸೇ ಸಾಕು. ಕಪ್ ತುಂಬ ಹಚ್ಚಿ. ಹೊರಗೆ ಒಸರಿದ್ದನ್ನು ಒರೆಸಿದರಾಯಿತು. ಮಲೆನಾಡು, ಕರಾವಳಿಯಲ್ಲಿ ಓಡಿಸುವವರು ಮಳೆಗಾಲ ಮುಗಿದ ತಕ್ಷಣ ಒಮ್ಮೆ ಬಿಚ್ಚಿ ನೋಡುವುದು ಒಳ್ಳೆಯದು. ಬೈಕ್ ತೊಳೆಯುವ ಜೋರು ನೀರಿನ ಪೈಪನ್ನು ಹಬ್ಬಿನ ಕಡೆ ಹಿಡಿಯಲೇಬೇಡಿ.

ಚೈನಿಗೆ ತೆಂಗಿನೆಣ್ಣೆ ಹಾಕಿದ್ರೆ ತಪ್ಪಾ? ಮನೇಲಿ ಅದೇ ಇರೋದು.

ಒಂದು ದಿನದ ಮಟ್ಟಿಗೆ ಕಿರುಗುಟ್ಟುವುದು ನಿಲ್ಲುತ್ತದೆ. ಆದರೆ ತೆಂಗಿನೆಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ. ಡಿಸೆಂಬರ್ ಬೆಳಗ್ಗೆ ಬಾಟಲಿಯಲ್ಲಿ ಏನಾಗಿರುತ್ತದೋ ಚೈನಿನೊಳಗೂ ಅದೇ. ಶೇಂಗಾ, ಸೂರ್ಯಕಾಂತಿ ಎಣ್ಣೆ ಇನ್ನೂ ಕೆಟ್ಟದ್ದು. ಗಾಳಿಗೆ ಅಂಟಂಟಾಗುತ್ತದೆ, ಬಾಣಲೆಯ ಹಿಂಬದಿಯ ಜಿಡ್ಡು ನೆನಪಿಸಿಕೊಳ್ಳಿ. ಹೊಲಿಗೆ ಯಂತ್ರದ ಎಣ್ಣೆ ತೀರಾ ತೆಳು, ಎರಡು ದಿನದಲ್ಲಿ ಮಾಯ.

ಸೈಕಲ್ ಚೈನಿನ ಎಣ್ಣೆ ಒಂದು ಚಿಕ್ಕ ಬಾಟಲಿ ತನ್ನಿ. ಒಂದೊಂದು ರೋಲರಿಗೆ ಒಂದೊಂದು ಹನಿ ಹಾಕಿ, ಪೆಡಲ್ ಹಿಂದಕ್ಕೆ ತಿರುಗಿಸಿ, ಸ್ವಲ್ಪ ಹೊತ್ತು ಬಿಟ್ಟು ಹೊರಗಿನ ಎಣ್ಣೆಯನ್ನೆಲ್ಲ ಬಟ್ಟೆಯಲ್ಲಿ ಒರೆಸಿ. ಎಣ್ಣೆ ಬೇಕಾಗಿರುವುದು ಒಳಗೆ. ಹೊರಗೆ ಇದ್ದರೆ ಧೂಳು ಹಿಡಿದು ಉಜ್ಜುಕಾಗದದ ಹಾಗೆ ಕೆಲಸ ಮಾಡುತ್ತದೆ.

ಹೊಸ ಚೈನ್ ಹಾಕಿಸಿದೆ. ಈಗ ಜೋರಾಗಿ ತುಳಿದ್ರೆ ಚೈನ್ ಹಾರುತ್ತೆ. ಚೈನೇ ಕೆಟ್ಟದ್ದಾ?

ಚೈನ್ ಒಳ್ಳೆಯದೇ ಇರಬಹುದು. ಹಿಂದಿನ ಹಲ್ಲು ಹೋಗಿದೆ. ಹಳೇ ಚೈನ್ ಸವೆದು ಉದ್ದವಾಗುತ್ತಾ ಹಲ್ಲನ್ನೂ ತನ್ನ ಅಳತೆಗೆ ಕೊರೆದುಕೊಂಡಿರುತ್ತದೆ. ಅವೆರಡೂ ಹೊಂದಿಕೊಂಡಿದ್ದ ಸಂಸಾರ. ಹೊಸ ಚೈನ್ ಸರಿಯಾದ ಅಳತೆಯದು, ಆ ಹಲ್ಲಿನಲ್ಲಿ ಕೂರುವುದಿಲ್ಲ. ನೀವು ಜಾಸ್ತಿ ಬಳಸುವ ಒಂದೆರಡು ಗೇರಿನಲ್ಲಿ ಮಾತ್ರ ಹಾರುತ್ತಿದ್ದರೆ ಇದೇ ಕಾಯಿಲೆ.

ಇದಕ್ಕೆ ಔಷಧಿ ಒಂದು ಸ್ಕೇಲು. ಒಂದು ಪಿನ್ನಿನ ನಡುವಿನಿಂದ ಇನ್ನೊಂದು ಪಿನ್ನಿನ ನಡುವಿಗೆ 12 ಇಂಚು ಅಳೆಯಿರಿ. ಹೊಸ ಚೈನಿನಲ್ಲಿ ಪಿನ್ ಸರಿಯಾಗಿ 12 ಇಂಚಿಗೆ, ಅಂದರೆ 304.8 ಮಿ.ಮೀ.ಗೆ ಬರುತ್ತದೆ. 306.4 ಮಿ.ಮೀ. ಆದಾಗ ಚೈನ್ ಮಾತ್ರ ಬದಲಾಯಿಸಿದರೆ ಹಲ್ಲು ಉಳಿಯುತ್ತದೆ. 308 ದಾಟಿದ್ದರೆ ಎರಡನ್ನೂ ಬದಲಾಯಿಸಲು ದುಡ್ಡು ತೆಗೆದಿಡಿ.

ಪೆಡಲ್ ತುಳಿದ್ರೂ ಸೈಕಲ್ ಮುಂದೆ ಹೋಗಲ್ಲ, ಖಾಲಿ ಸುತ್ತುತ್ತೆ. ಒಂದೊಂದ್ಸಲ ಹಿಡಿಯುತ್ತೆ, ಒಂದೊಂದ್ಸಲ ಇಲ್ಲ.

ಫ್ರೀವೀಲಿನೊಳಗೆ ಚಿಕ್ಕ ನಾಲಿಗೆಗಳಿವೆ. ಸ್ಪ್ರಿಂಗ್ ಅವನ್ನು ಹೊರಕ್ಕೆ ತಳ್ಳುತ್ತದೆ. ಮುಂದಕ್ಕೆ ತುಳಿದಾಗ ಅವು ಒಳಗಿನ ಗರಗಸದಂಥ ಹಲ್ಲಿಗೆ ಸಿಕ್ಕಿಕೊಂಡು ಚಕ್ರವನ್ನು ಎಳೆಯುತ್ತವೆ. ತುಳಿಯದಿದ್ದಾಗ ಜಾರುತ್ತವೆ, ಅದೇ ಟಿಕ್ ಟಿಕ್. ಹಳೇ ಎಣ್ಣೆ ಅಂಟಾಗಿ ನಾಲಿಗೆ ಮಡಚಿಕೊಂಡೇ ಉಳಿದರೆ ಹಿಡಿಯುವುದಿಲ್ಲ.

ಚಕ್ರ ಅಡ್ಡ ಮಲಗಿಸಿ, ತಿರುಗುವ ಭಾಗ ಮತ್ತು ತಿರುಗದ ಭಾಗದ ನಡುವಿನ ಸಂದಿಗೆ ಸ್ವಲ್ಪ ಸ್ವಲ್ಪವೇ ಡೀಸೆಲ್ ಬಿಡಿ. ಹಿಂದಕ್ಕೆ ತಿರುಗಿಸುತ್ತಾ ಇರಿ. ಕಪ್ಪು ನೀರು ಇಳಿದು ತಿಳಿಯಾಗುವವರೆಗೆ ಮಾಡಿ, ಒಂದು ರಾತ್ರಿ ಒಣಗಲು ಬಿಟ್ಟು, ಹತ್ತು ಹನಿ ಎಂಜಿನ್ ಆಯಿಲ್ ಹಾಕಿ. ಗ್ರೀಸ್ ತುರುಕಬೇಡಿ, ನಾಲಿಗೆ ಮತ್ತೆ ಅಂಟಿಕೊಳ್ಳುತ್ತದೆ. ಕ್ಯಾಸೆಟ್ ಹಬ್ಬಿಗೆ ಹೀಗೆ ಡೀಸೆಲ್ ಬಿಡಬೇಡಿ. ಅದು ಪಕ್ಕದ ಬೇರಿಂಗಿನ ಗ್ರೀಸನ್ನೂ ತೊಳೆದುಬಿಡುತ್ತದೆ.

ಫ್ರೀವೀಲಿನ ಮುಖದ ಮೇಲಿನ ಎರಡು ತೂತು ನೋಡಿ ಬಿಚ್ಚುವ ಆಸೆ ಬಂದರೆ ತಡೆದುಕೊಳ್ಳಿ. ಅದರ ಮರೆ ಉಲ್ಟಾ. ಒಳಗಿಂದ ಸಾಸಿವೆಗಿಂತ ಸ್ವಲ್ಪ ದೊಡ್ಡ ಗುಂಡುಗಳು ಡಜನ್‌ಗಟ್ಟಲೆ ಉದುರುತ್ತವೆ.

ಗೇರ್ ಸರಿಯಾಗಿ ಬೀಳ್ತಿಲ್ಲ. ಆ ಸ್ಕ್ರೂಗಳನ್ನ ತಿರುಗಿಸಿದೆ, ಇನ್ನೂ ಕೆಟ್ಟುಹೋಯ್ತು.

ಎಲ್ಲರೂ ಮೊದಲು ಮುಟ್ಟುವುದು ಅವನ್ನೇ. ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಭಾಗವೇ ಡಿರೇಲರ್. ಹಿಂದಿನ ಡಿರೇಲರಿನ ಎರಡು ಸ್ಕ್ರೂ ಬರೀ ಬೇಲಿ. ಒಂದು ಚೈನ್ ಹೊರಗೆ ಫ್ರೇಮಿನ ಕಡೆ ಬೀಳದಂತೆ, ಇನ್ನೊಂದು ಒಳಗೆ ಕಡ್ಡಿಗೆ ಬೀಳದಂತೆ ತಡೆಯುತ್ತದೆ. ನಡುವಿನ ಗೇರುಗಳಿಗೂ ಅವಕ್ಕೂ ಸಂಬಂಧ ಇಲ್ಲ.

ಮೊದಲು ಸೈಕಲ್ಲಿನ ಹಿಂದೆ ಕೂತು ನೋಡಿ. ಡಿರೇಲರಿನ ಎರಡು ಚಿಕ್ಕ ಚಕ್ರಗಳು ಹಿಂದಿನ ಹಲ್ಲಿನ ನೇರಕ್ಕೆ ಇವೆಯಾ, ಒಳಕ್ಕೆ ವಾಲಿವೆಯಾ? ವಾಲಿದ್ದರೆ ಅದು ನೇತುಹಾಕಿರುವ ಹ್ಯಾಂಗರ್ ಬಗ್ಗಿದೆ. ಬಲಗಡೆಗೆ ಬಿದ್ದ ಸೈಕಲ್ಲು, ಬಸ್ಸಿನ ಟಾಪ್ ಮೇಲೆ ಹಾಕಿಸಿಕೊಂಡು ಬಂದ ಸೈಕಲ್ಲುಗಳಲ್ಲಿ ಇದೇ ಜಾಸ್ತಿ. ಹ್ಯಾಂಗರ್ ಬಗ್ಗಿರುವಾಗ ಏನು ತಿರುಗಿಸಿದರೂ ವ್ಯರ್ಥ.

ಅದು ನೆಟ್ಟಗಿದ್ದರೆ ಮುಂದಿನ ಅನುಮಾನ ಕೇಬಲ್ ಮೇಲೆ. ಔಟರಿನೊಳಗೆ, ಅಂದರೆ ಕೇಬಲ್ ಹಾದು ಹೋಗುವ ಹೊರಗಿನ ಕೊಳವೆಯೊಳಗೆ, ತುಕ್ಕು, ಮಣ್ಣು ಸೇರಿದ್ದರೆ ಕೇಬಲ್ ಎಳೆದಾಗ ಬರುತ್ತದೆ, ಬಿಟ್ಟಾಗ ವಾಪಸ್ ಹೋಗುವುದಿಲ್ಲ. ಇನ್ನರ್, ಔಟರ್ ಎರಡೂ ಹೊಸದು ಹಾಕಿ. ಕೊನೆಗೆ ಬ್ಯಾರೆಲ್ ಅಡ್ಜಸ್ಟರ್, ಅಂದರೆ ಕೇಬಲ್ ಡಿರೇಲರಿಗೆ ಸೇರುವಲ್ಲಿ ಕೈಯಲ್ಲಿ ತಿರುಗಿಸುವ ಬಿರಡೆ. ದೊಡ್ಡ ಹಲ್ಲಿಗೆ ಹತ್ತಲು ಚೈನ್ ಒದ್ದಾಡುತ್ತಿದ್ದರೆ ಅದನ್ನು ಬಿಚ್ಚುವ ದಿಕ್ಕಿಗೆ ಕಾಲು ಸುತ್ತು. ಚಿಕ್ಕದಕ್ಕೆ ಇಳಿಯಲು ಒದ್ದಾಡುತ್ತಿದ್ದರೆ ಬಿಗಿಯುವ ದಿಕ್ಕಿಗೆ ಕಾಲು ಸುತ್ತು. ಕಾಲು ಸುತ್ತಿಗೊಮ್ಮೆ ಗೇರ್ ಹಾಕಿ ನೋಡಿ.

## ಬಿಡಿಭಾಗ ಕೊಳ್ಳೋ ಮುಂಚೆ

ನಂದಿ ಬೆಟ್ಟ ಹತ್ತೋಕೆ ದೊಡ್ಡ ಫ್ರೀವೀಲ್ ಹಾಕಿಸ್ಬೇಕು ಅಂತಿದ್ದೀನಿ. 34 ಹಲ್ಲಿಂದು ಹಿಡಿಯುತ್ತಾ ಸರ್?

ಹಬ್ಬಿಗೆ ಹಿಡಿಯುತ್ತದೆ. ಡಿರೇಲರ್ ಒಪ್ಪಬೇಕು. ಎರಡು ಸಂಖ್ಯೆ ನೋಡಿ. ಒಂದು, ನಿಮ್ಮ ಡಿರೇಲರ್ ಅತಿ ಹೆಚ್ಚು ಎಷ್ಟು ಹಲ್ಲಿನ ಚಕ್ರ ಮುಟ್ಟಬಲ್ಲದು. ಎರಡು, ಅದರ ಕೆಪಾಸಿಟಿ, ಅಂದರೆ ಎಷ್ಟು ಸಡಿಲ ಚೈನನ್ನು ಎಳೆದುಕೊಳ್ಳಬಲ್ಲದು. ಮುಂದೆ 48ರಿಂದ 28 ಕಳೆದರೆ 20. ಹಿಂದೆ 34ರಿಂದ 14 ಕಳೆದರೆ 20. ಕೂಡಿದರೆ 40. ಡಿರೇಲರಿನ ಕೆಪಾಸಿಟಿ 40 ಅಥವಾ ಜಾಸ್ತಿ ಇರಬೇಕು. ಉದ್ದ ಕೇಜಿನದು (ಎರಡು ಚಿಕ್ಕ ಚಕ್ರ ಹಿಡಿದಿರುವ ತೋಳು ಉದ್ದ ಇರುವುದು) ಬೇಕಾಗುತ್ತದೆ. ಚೈನ್ ಕೂಡ ಉದ್ದ ಮಾಡಬೇಕಾಗಬಹುದು.

28/34 ಅಂದರೆ 0.82. ಪೆಡಲ್ ಒಂದು ಸುತ್ತಿಗೆ ಸುಮಾರು 1.7 ಮೀಟರ್. ಪಕ್ಕದಲ್ಲಿ ನಡೆದು ಹೋಗುವವರು ಮಾತಾಡಿಸಬಹುದು, ಆದರೆ ನೀವು ಇಳಿದು ತಳ್ಳುವುದಿಲ್ಲ.

ಹಿಂದಿನ ಆಕ್ಸಲ್ ವರ್ಷಕ್ಕೊಂದು ಮುರಿಯುತ್ತೆ. ನನ್ನ ತೂಕ ಜಾಸ್ತಿನಾ?

ಪಾಪ, ನಿಮ್ಮ ತೂಕದ ತಪ್ಪಲ್ಲ. 7 ಸ್ಪೀಡಿನ, ಅಂದರೆ ಹಿಂದೆ 7 ಹಲ್ಲುಚಕ್ರ ಇರುವ, ಫ್ರೀವೀಲ್ ಹಬ್ಬಿನಲ್ಲಿ ಬಲಗಡೆಯ ಗುಂಡುಗಳು ಫ್ರೀವೀಲಿನ ಒಳಪಕ್ಕಕ್ಕೆ ಇರುತ್ತವೆ. ಅಲ್ಲಿಂದ ಫ್ರೇಮಿನವರೆಗೆ ಆಕ್ಸಲ್ ಆಸರೆ ಇಲ್ಲದೆ ಚಾಚಿಕೊಂಡಿರುತ್ತದೆ. ಬರೀ 10 ಮಿ.ಮೀ. ದಪ್ಪ, ಕ್ವಿಕ್ ರಿಲೀಸ್ ಇದ್ದರೆ ನಡುವೆ ಟೊಳ್ಳು ಬೇರೆ. ಗುಂಡಿ ರಸ್ತೆಯ ಒಂದೊಂದು ಪೆಟ್ಟಿಗೂ ಸ್ವಲ್ಪ ಬಗ್ಗಿ, ಒಂದು ದಿನ ಗುಂಡಿನ ಹತ್ತಿರವೇ ಮುರಿಯುತ್ತದೆ. ನನ್ನದು ಸಂಪಾಜೆ ಘಾಟಿಯಲ್ಲಿ ಮುರಿಯಿತು, ಲಗೇಜ್ ಸಮೇತ. ಕ್ವಿಕ್ ರಿಲೀಸಿನ ಕಡ್ಡಿ ಎರಡು ತುಂಡನ್ನೂ ಹಿಡಿದುಕೊಂಡಿದ್ದರಿಂದ ಮೆಲ್ಲಗೆ ಊರು ಸೇರಿದೆ. ಚಕ್ರ ಒಂದು ಕಡೆಗೆ ಉಜ್ಜುತ್ತಿತ್ತು, ಬ್ರೇಕೇ ಹಿಡಿದಿದೆ ಅಂತ ಅರ್ಧ ದಾರಿ ಬ್ರೇಕನ್ನು ಬೈದೆ.

ಶಿಮಾನೊದ ಫ್ರೀಹಬ್ಬಿನಲ್ಲಿ ಬಲಗಡೆಯ ಗುಂಡುಗಳನ್ನು ಫ್ರೀಹಬ್ಬಿನ ಹೊರತುದಿಗೆ ತಂದಿದ್ದಾರೆ. ಆಸರೆ ಫ್ರೇಮಿನ ಪಕ್ಕಕ್ಕೇ ಬಂತು. ಕ್ಯಾಸೆಟ್ ಹಬ್ ಇರುವ ಚಕ್ರ ಹಾಕಿಸಿದರೆ ಈ ಕಾಟ ತಪ್ಪುತ್ತದೆ. 7 ಸ್ಪೀಡಿನ ಕ್ಯಾಸೆಟ್ ಸಿಗುತ್ತದೆ, ಹಾಗಾಗಿ ಶಿಫ್ಟರ್ (ಹ್ಯಾಂಡಲ್ ಮೇಲಿನ ಗೇರ್ ಹಾಕುವ ಲಿವರ್) ಬದಲಾಯಿಸಬೇಕಿಲ್ಲ. 8, 9 ಸ್ಪೀಡಿನ ಫ್ರೀಹಬ್ ಮೇಲೆ ಅದನ್ನು ಕೂರಿಸುವಾಗ ಹಿಂದೆ 4.5 ಮಿ.ಮೀ. ವಾಷರ್ ಹಾಕಬೇಕು.

ಹಳೇ ಫ್ರೀವೀಲ್ ಬಿಚ್ಚೋಕೇ ಆಗ್ತಿಲ್ಲ. ಸುತ್ತಿಗೇಲಿ ಹೊಡೀಲಾ?

ಬೇಡ. ನೀವು ತುಳಿದ ಒಂದೊಂದು ತುಳಿತವೂ ಅದನ್ನು ಇನ್ನಷ್ಟು ಬಿಗಿ ಮಾಡಿದೆ, ಅದಕ್ಕೇ ಕಷ್ಟ. ಸರಿಯಾದ ರಿಮೂವರ್ ತನ್ನಿ. ಒಳಗೆ 12 ಗೀರು ಇದೆಯಾ, 2 ಕಚ್ಚು ಇದೆಯಾ, 4 ಕಚ್ಚು ಇದೆಯಾ ಎಣಿಸಿ ಹೋಗಿ. ರಿಮೂವರ್ ಕೂರಿಸಿ, ಅದು ಜಾರದಂತೆ ಆಕ್ಸಲ್ ನಟ್ಟನ್ನೋ ಕ್ವಿಕ್ ರಿಲೀಸನ್ನೋ ಕೈಬಿಗಿಗೆ ಹಾಕಿ. ಈಗ ರಿಮೂವರನ್ನು ಬೆಂಚ್ ವೈಸಿಗೆ ಕಚ್ಚಿಸಿ, ಚಕ್ರವನ್ನು ಲಾರಿ ಸ್ಟಿಯರಿಂಗ್ ಹಿಡಿದ ಹಾಗೆ ಎರಡು ಕೈಯಲ್ಲಿ ಹಿಡಿದು ಎಡಕ್ಕೆ ತಿರುಗಿಸಿ. ಟಪ್ ಅಂತ ಬಿಟ್ಟುಕೊಳ್ಳುತ್ತದೆ. ತಕ್ಷಣ ನಟ್ ಸಡಿಲಿಸಿ, ಇಲ್ಲದಿದ್ದರೆ ಆಕ್ಸಲಿಗೆ ಪೆಟ್ಟು. ವೈಸ್ ಇಲ್ಲದಿದ್ದರೆ ಹತ್ತಿರದ ವೆಲ್ಡಿಂಗ್ ಅಂಗಡಿಗೆ ಹೋಗಿ ಕೇಳಿ, ಇಲ್ಲ ಅನ್ನುವುದಿಲ್ಲ.

ರಿಮ್ ಬದಲಾಯಿಸಲು ಕಡ್ಡಿ ಬಿಚ್ಚುವವರು ಮೊದಲು ಫ್ರೀವೀಲ್ ತೆಗೆಯಿರಿ. ನಾನು ಒಮ್ಮೆ ಕಡ್ಡಿಯನ್ನೆಲ್ಲ ಕತ್ತರಿಸಿಬಿಟ್ಟೆ. ಆಮೇಲೆ ತಿರುಗಿಸಲು ಹಿಡಿಯೋಣ ಅಂದರೆ ಕೈಯಲ್ಲಿ ಚಕ್ರವೇ ಇಲ್ಲ. ಹೊಸದು ಹಾಕುವಾಗ ಮರೆಗೆ ಗ್ರೀಸ್ ಹಚ್ಚುವುದು ಮರೆಯಬೇಡಿ.

8 ಸ್ಪೀಡ್ ಚಕ್ರಕ್ಕೆ 9, 10, 11 ಸ್ಪೀಡ್ ಕ್ಯಾಸೆಟ್ ಕೂರುತ್ತಾ?

ಶಿಮಾನೊ ಅಳತೆಯ ಫ್ರೀಹಬ್ ಆದರೆ 8, 9, 10 ಒಂದರ ಜಾಗದಲ್ಲಿ ಒಂದು ಕೂರುತ್ತವೆ. ಕೆಲವು 10 ಸ್ಪೀಡಿಗೆ ಹಿಂದೆ ತೆಳು ವಾಷರ್ ಬೇಕು, ಕ್ಯಾಸೆಟ್ ಜೊತೆಗೇ ಬರುತ್ತದೆ. ರೋಡ್ ಬೈಕಿನ 11 ಸ್ಪೀಡಿಗೆ 1.85 ಮಿ.ಮೀ.ನಷ್ಟು ಹೆಚ್ಚು ಉದ್ದದ ಬೇರೆ ಫ್ರೀಹಬ್ ಬೇಕು. ದೊಡ್ಡ ಹಲ್ಲಿನ ಎಂಟಿಬಿ (ಮೌಂಟನ್ ಬೈಕ್) 11 ಸ್ಪೀಡ್ ಹಳೆಯದರ ಮೇಲೇ ಕೂರುತ್ತದೆ. 10 ಹಲ್ಲಿನಿಂದ ಶುರುವಾಗುವ 12 ಸ್ಪೀಡುಗಳು ಇದಕ್ಕೆ ಕೂರುವುದಿಲ್ಲ. ಅವಕ್ಕೆ ಶಿಮಾನೊದ ಮೈಕ್ರೊ ಸ್ಪ್ಲೈನ್, ಸ್ರ್ಯಾಮ್ ಕಂಪನಿಯ ಎಕ್ಸ್‌ಡಿ ಅಂತ ಬೇರೆಯೇ ಫ್ರೀಹಬ್.

ಕೂತರೆ ಮುಗಿಯಲಿಲ್ಲ. 8 ಸ್ಪೀಡಿನಲ್ಲಿ ಒಂದು ಹಲ್ಲಿನಿಂದ ಇನ್ನೊಂದಕ್ಕೆ 4.8 ಮಿ.ಮೀ., 9ರಲ್ಲಿ 4.35, 10ರಲ್ಲಿ 3.95. ಶಿಫ್ಟರ್ ಒಂದು ಕ್ಲಿಕ್ಕಿಗೆ ಅಷ್ಟೇ ಸರಿಸಬೇಕು. ಹಾಗಾಗಿ ಕ್ಯಾಸೆಟ್ ಬದಲಾಯಿಸಿದರೆ ಶಿಫ್ಟರ್, ಚೈನ್ ಎರಡೂ ಜೊತೆಗೆ.

ಶಿಮಾನೊ ಶಿಫ್ಟರಿಗೆ ಸ್ರ್ಯಾಮ್ ಆರ್‌ಡಿ (ಹಿಂದಿನ ಡಿರೇಲರ್) ಹಾಕಬಹುದಾ? ಕಡಿಮೆಗೆ ಸಿಗ್ತಿದೆ.

ಬೇಡ. 9 ಸ್ಪೀಡಿನವರೆಗಿನ ಶಿಮಾನೊ ಡಿರೇಲರ್ ಕೇಬಲ್ 1 ಮಿ.ಮೀ. ಎಳೆದರೆ ಸುಮಾರು 1.7 ಮಿ.ಮೀ. ಸರಿಯುತ್ತದೆ. ಸ್ರ್ಯಾಮ್‌ನ ಎಂಟಿಬಿ ಡಿರೇಲರ್ ಹೆಚ್ಚು ಕಡಿಮೆ ಎಳೆದಷ್ಟೇ ಸರಿಯುತ್ತದೆ. ಎರಡನೇ ಗೇರಿನಿಂದಲೇ ಲೆಕ್ಕ ತಪ್ಪುತ್ತದೆ. ಶಿಮಾನೊದಲ್ಲೇ 10 ಸ್ಪೀಡಿನ ರೋಡ್ ಶಿಫ್ಟರಿಗೆ 10 ಸ್ಪೀಡಿನ ಎಂಟಿಬಿ ಡಿರೇಲರ್ ಕೂಡ ಹೊಂದುವುದಿಲ್ಲ. 1984ರಲ್ಲಿ ಶಿಮಾನೊ ಕ್ಲಿಕ್ ಕ್ಲಿಕ್ ಗೇರ್ ತರುವ ಮುಂಚೆ ಎಲ್ಲರೂ ಲಿವರನ್ನು ಅಂದಾಜಿನಲ್ಲಿ ಸರಿಸುತ್ತಿದ್ದರು, ಯಾವುದಕ್ಕೆ ಯಾವುದು ಹಾಕಿದರೂ ನಡೆಯುತ್ತಿತ್ತು.

ಸೀಲ್ಡ್ ಬೇರಿಂಗ್ ಹಬ್ ಒಳ್ಳೇದಾ, ಗುಂಡಿಂದು ಒಳ್ಳೇದಾ?

ಬಿಚ್ಚಿ ಗ್ರೀಸ್ ಹಾಕುವ ಅಭ್ಯಾಸ ಇದ್ದರೆ ಗುಂಡಿನದು. ಇಲ್ಲದಿದ್ದರೆ ಸೀಲ್ಡ್. ಹಾಳಾದಾಗ ಬೇರಿಂಗಿನ ಮೇಲೆ ಬರೆದ ನಂಬರ್ ಓದಿಕೊಂಡು ಹೋಗಿ, ಸೈಕಲ್ ಅಂಗಡಿಗೇ ಹೋಗಬೇಕೆಂದಿಲ್ಲ. 6902 ಅಂದರೆ ಒಳಗೆ 15, ಹೊರಗೆ 28, ಅಗಲ 7 ಮಿ.ಮೀ. 608 ಅಂದರೆ 8, 22, 7. ಕೊನೆಯಲ್ಲಿ 2ಆರ್‌ಎಸ್ ಅಂತ ಇದ್ದರೆ ಎರಡೂ ಕಡೆ ರಬ್ಬರ್ ಸೀಲ್, ಅದನ್ನೇ ಕೇಳಿ. ಬೆಂಗಳೂರಿನ ಎಸ್.ಜೆ.ಪಿ. ರಸ್ತೆಯಂಥ ಕಡೆ ನಂಬರ್ ಹೇಳಿದರೆ ಸಾಕು. ಕೂರಿಸುವಾಗ ಹೊರಗಿನ ರಿಂಗನ್ನು ಮಾತ್ರ ಒತ್ತಿ, ಒಳಗಿನದನ್ನು ಹೊಡೆದರೆ ಹೊಸದೂ ಹೋಯಿತು.

## ಇನ್ನೂ ಆಳಕ್ಕೆ ಇಳಿದವರಿಗೆ

135 ಮಿ.ಮೀ. ಹಬ್ ಇದೆ, ಫ್ರೇಮ್ 130. ಸ್ವಲ್ಪ ಅಗಲಿಸಿ ಹಾಕಬಹುದಾ?

ಫ್ರೇಮ್ ಉಕ್ಕಿನದಾದರೆ ಅಗಲಿಸಬಹುದು, ಎರಡೂ ಕಡೆ ಸಮ ಬರುವಂತೆ ಗೊತ್ತಿರುವವರಿಂದ ಮಾಡಿಸಿ. ಅಲ್ಯೂಮಿನಿಯಂ, ಕಾರ್ಬನ್ ಆದರೆ ಬೇಡವೇ ಬೇಡ, ಬಿರುಕು ಬಿಡುತ್ತದೆ. ಹಿಂದಿನ ಹಬ್ಬಿನ ಅಗಲ ಹಳೇ ರೋಡ್ ಸೈಕಲ್ಲಿಗೆ 126, ಆಮೇಲಿನದಕ್ಕೆ 130, ಎಂಟಿಬಿಗೆ 135, ಥ್ರೂ ಆಕ್ಸಲ್ (ಫ್ರೇಮಿನ ತೂತಿನೊಳಗೇ ಹಾದು ಹೋಗುವ ದಪ್ಪ ಆಕ್ಸಲ್) ಬಂದ ಮೇಲೆ 142, ಬೂಸ್ಟ್ ಅನ್ನುವ ಇನ್ನೂ ಅಗಲದ್ದು 148. ಫ್ರೇಮಿನ ಎರಡು ಕಾಲುಗಳ ಒಳಗಿನ ಅಂತರ ಅಳೆದರೆ ನಿಮ್ಮದು ಯಾವುದು ಅಂತ ಗೊತ್ತಾಗುತ್ತದೆ.

ಫಿಕ್ಸಿ ಮಾಡ್ಬೇಕು ಅಣ್ಣಾ. ಮಾಮೂಲಿ ಹಬ್ಬಿಗೆ ಫಿಕ್ಸೆಡ್ ಹಲ್ಲು ತಿರುಗಿಸಿ ಹಾಕಿದ್ರೆ ಕೂರುತ್ತಲ್ಲಾ?

ಕೂರುತ್ತದೆ, ಮರೆ ಒಂದೇ ಅಳತೆ. ಅಪಾಯ ಇರುವುದೇ ಅಲ್ಲಿ. ಫಿಕ್ಸಿ, ಅಂದರೆ ಫಿಕ್ಸೆಡ್ ಸೈಕಲ್ಲಿನಲ್ಲಿ ಫ್ರೀವೀಲ್ ಇಲ್ಲ, ಚಕ್ರ ತಿರುಗಿದರೆ ಪೆಡಲೂ ತಿರುಗುತ್ತದೆ. ವೇಗ ಕಡಿಮೆ ಮಾಡಲು ಪೆಡಲನ್ನು ಹಿಂದಕ್ಕೆ ಒತ್ತುತ್ತೀರಿ. ಆಗ ಹಲ್ಲು ಬಿಚ್ಚುವ ದಿಕ್ಕಿಗೆ ತಿರುಗುತ್ತದೆ. ಟ್ರ್ಯಾಕ್ ಹಬ್ಬಿನಲ್ಲಿ ಅದರ ಹೊರಗೆ ಉಲ್ಟಾ ಮರೆಯ ಲಾಕ್ ರಿಂಗ್ ಇದೆ. ಹಲ್ಲು ಬಿಚ್ಚಲು ನೋಡಿದರೆ ರಿಂಗ್ ಇನ್ನೂ ಬಿಗಿಯಾಗುತ್ತದೆ. ಮಾಮೂಲಿ ಹಬ್ಬಿನಲ್ಲಿ ಆ ಎರಡನೇ ಮರೆಯೇ ಇಲ್ಲ. ವಿಜಯಪುರ, ಬಾಗಲಕೋಟೆ ಕಡೆ ಟ್ರ್ಯಾಕ್ ಸೈಕ್ಲಿಂಗ್ ಮಾಡುವ ಹುಡುಗರ ಚಕ್ರ ಸಿಕ್ಕರೆ ಕೈಗೆ ತೆಗೆದುಕೊಂಡು ನೋಡಿ, ಎರಡು ಮೆಟ್ಟಿಲಿನ ಹಾಗೆ ಎರಡು ಮರೆ ಕಾಣುತ್ತದೆ. ಅಂಥ ಹಬ್ ತನ್ನಿ. ರಸ್ತೆಯಲ್ಲಿ ಓಡಿಸುವುದಾದರೆ ಮುಂದೆ ಬ್ರೇಕೂ ಇರಲಿ.

ಆಮ್‌ಸ್ಟರ್‌ಡ್ಯಾಮಿನಲ್ಲಿ ಹಳೇ ಸೈಕಲ್ ಕೊಂಡೆ. ಹಿಂದೆ ಒಂದೇ ಹಲ್ಲು, ಆದ್ರೂ ಮೂರು ಗೇರ್! ಎಲ್ಲಿ ಅಡಗಿದೆ?

ಹಬ್ಬಿನೊಳಗೆ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನಲ್ಲಿ ಸ್ಟರ್ಮಿ-ಆರ್ಚರ್ ಕಂಪನಿ ಇಂಥ ಮೂರು ಗೇರಿನ ಹಬ್ ಹೊರತಂದು ಶತಮಾನವೇ ಕಳೆಯಿತು. ಅವರ ಎಡಬ್ಲ್ಯೂ ಅನ್ನುವ ಹಬ್ ಬಿಚ್ಚಿದರೆ ನಡುವೆ ಆಕ್ಸಲಿಗೇ ಅಂಟಿದ 20 ಹಲ್ಲಿನ ಚಕ್ರ. ಅದರ ಸುತ್ತ ಓಡುವ ನಾಲ್ಕು ಚಿಕ್ಕ ಚಕ್ರ. ಅವನ್ನೆಲ್ಲ ಸುತ್ತುವರಿದ 60 ಹಲ್ಲಿನ ಬಳೆ. ಚಿಕ್ಕ ಚಕ್ರಗಳ ಗೂಡನ್ನು ತಿರುಗಿಸಿ ಬಳೆಯಿಂದ ಚಕ್ರ ಎಳೆದರೆ 20 ಭಾಗಿಸು 60, ಅಂದರೆ ಮೂರನೇ ಒಂದರಷ್ಟು ಜಾಸ್ತಿ ವೇಗ. ಬಳೆಯನ್ನು ತಿರುಗಿಸಿ ಗೂಡಿನಿಂದ ಎಳೆದರೆ ಕಾಲು ಭಾಗ ಕಡಿಮೆ. ನಡುವಿನ ಗೇರು ನೇರ. ಇಷ್ಟನ್ನೂ ಬದಲಾಯಿಸುವುದು ಆಕ್ಸಲ್ ಒಳಗೆ ಹೋಗುವ ಒಂದು ಸಣ್ಣ ಚೈನು.

ಅದನ್ನು ಹೊಂದಿಸುವುದು ಸುಲಭ. ಶಿಫ್ಟರ್ ಎರಡನೇ ಗೇರಿನಲ್ಲಿಡಿ. ಬಲಗಡೆ ನಟ್ಟಿನ ಪಕ್ಕದ ಕಿಂಡಿಯಲ್ಲಿ ನೋಡಿದರೆ ಆ ಸಣ್ಣ ಚೈನಿಗೆ ಸೇರಿದ ಸರಳು ಆಕ್ಸಲ್ ತುದಿಯ ಸಮಕ್ಕೆ ಬರಬೇಕು. ಕೇಬಲ್ ಸರಿ ಇಲ್ಲದಿದ್ದರೆ ಎರಡಕ್ಕೂ ಮೂರಕ್ಕೂ ನಡುವೆ ಪೆಡಲ್ ಏಕಾಏಕಿ ಖಾಲಿ ಹೋಗುತ್ತದೆ. ಎದ್ದು ನಿಂತು ತುಳಿಯುವಾಗ ಹಾಗಾದರೆ ಬೀಳುವುದು ಗ್ಯಾರಂಟಿ. ಹಬ್ ಮೇಲೆ ಚಿಕ್ಕ ಮುಚ್ಚಳದ ತೂತು ಇದ್ದರೆ ಆಗಾಗ ನಾಲ್ಕು ಹನಿ ಎಣ್ಣೆ ಬಿಡಿ. ಹಬ್ ಮೇಲೆ ಶಿಮಾನೊ ನೆಕ್ಸಸ್ ಅಂತ ಇದ್ದು 7 ಅಥವಾ 8 ಗೇರಿದ್ದರೆ ಕ್ರಮ ಬೇರೆ. 4ನೇ ಗೇರಿಗೆ ಹಾಕಿ, ಕೇಬಲ್ ಬರುವ ಜಾಗದಲ್ಲಿರುವ ಎರಡು ಬಣ್ಣದ ಗೆರೆ ಒಂದೇ ನೇರಕ್ಕೆ ಬರುವವರೆಗೆ ಬ್ಯಾರೆಲ್ ತಿರುಗಿಸಿ. ಪಂಕ್ಚರಿಗೆ ಚಕ್ರ ಕಳಚುವಾಗ ಆಕ್ಸಲಿನ ಎರಡು ಬದಿಯ ವಾಷರುಗಳ ಫೋಟೊ ತೆಗೆದಿಟ್ಟುಕೊಳ್ಳಿ. ಎಡಬಲ ಅದಲು ಬದಲಾದರೆ ಗೇರ್ ಹೊಂದುವುದಿಲ್ಲ.